ಪಿಕಪ್ ತಗೋತೀರಾ? ಮೊದಲು ಆರ್‌ಸಿಯ ಎರಡು ನಂಬರ್ ನೋಡಿ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿರೋರಿಗೂ, ರಾತ್ರಿ ಲೋಡ್ ಇಳಿಸಿ ಗಾಡಿಯಲ್ಲೇ ಮಲಗಿರೋರಿಗೂ ಸ್ವಾಗತ.

ಹೋದ ವಾರ ಒಬ್ಬ ಕೇಳುಗರು ವಾಯ್ಸ್ ನೋಟ್ ಕಳಿಸಿದ್ರು. "ಬ್ರೋ, ಅಮೆರಿಕದ ಪಿಕಪ್ ವಿಡಿಯೋ ನೋಡ್ತಾ ಇದ್ದೆ. 2500 ತಗೋಬೇಕಾ, 3500 ತಗೋಬೇಕಾ ಅಂತ ಅರ್ಧ ಗಂಟೆ ಮಾತಾಡ್ತಾರೆ. ನಮ್ಮ ಕಡೆ ಪಿಕಪ್ ಬಗ್ಗೆ ಹೀಗೆ ಯಾರೂ ಹೇಳಲ್ವಲ್ಲ?" ಪ್ರಶ್ನೆ ಸರಿಯಾಗಿದೆ. ಅಲ್ಲಿ ದೊಡ್ಡ ಪಿಕಪ್ ತಗೊಳ್ಳೋರಲ್ಲಿ ತುಂಬಾ ಜನಕ್ಕೆ ಬೇಕಿರೋದು ಹಿಂದೆ ದೋಣಿ, ಕುದುರೆ ಟ್ರೈಲರ್ ಕಟ್ಟಿ ಎಳೆಯೋಕೆ. ನಮ್ಮಲ್ಲಿ ಪಿಕಪ್ ಇರೋದು ಹೊರೋಕೆ. ಆದ್ರೆ ಎರಡು ಕಡೆನೂ ಜನ ಎಡವೋದು ಒಂದೇ ಜಾಗದಲ್ಲಿ. ಅಲ್ಲಿ "ಅರ್ಧ ಟನ್", "ಒಂದು ಟನ್" ಅನ್ನೋವು ಹಳೇ ಕಾಲದ ಹೆಸರುಗಳು, ಇವತ್ತು ಆ ಗಾಡಿ ಎಷ್ಟು ಹೊರುತ್ತೆ ಅನ್ನೋದಕ್ಕೂ ಅದಕ್ಕೂ ತಾಳೆ ಆಗಲ್ಲ. ಇಲ್ಲೂ ಗಾಡಿ ಮೇಲೆ ಬರೆದಿರೋ ಟನ್ ನೋಡಿ ಅಷ್ಟೂ ನಮ್ಮ ಮಾಲೇ ಅಂದ್ಕೋತೀವಿ.

ನಾನೂ ಅಂದ್ಕೊಂಡಿದ್ದೆ. ನನ್ನ ಚಿಕ್ಕಪ್ಪನ ಮಗ ಕೋಲಾರದ ಕಡೆ ಟೊಮೆಟೊ ಲೋಡ್ ಹೊಡೀತಾನೆ. ಗಾಡಿ ತಗೊಳ್ಳೋವಾಗ ಎರಡು ಸೈಜ್ ಮುಂದಿತ್ತು, ಒಂದು ಚಿಕ್ಕದು, ಒಂದು ಅದಕ್ಕಿಂತ ಮೇಲಿನದು. "ಅಣ್ಣ, ನೀನು ಬಿ.ಕಾಂ ಓದಿದೀಯ, ಯಾವ್ದು ಹೇಳು" ಅಂದ. ನಾನು ಇಎಂಐ ನೋಡ್ದೆ, ಮೈಲೇಜ್ ನೋಡ್ದೆ, "ಚಿಕ್ಕದೇ ಸಾಕು, ಎಂಬತ್ತು ಬಾಕ್ಸ್ ಹಿಡಿಯುತ್ತಲ್ಲ" ಅಂದೆ. ಹಿಡಿಯುತ್ತೆ, ನಿಜ. ಜಾಗ ಇದೆ. ಹೊರುತ್ತಾ ಅಂತ ನಾನು ಕೇಳಲೇ ಇಲ್ಲ.

ಲೆಕ್ಕ ನೋಡಿ. ಆರ್‌ಸಿಯಲ್ಲಿ ಎರಡು ನಂಬರ್ ಇರುತ್ತೆ. ಒಂದು ಜಿವಿಡಬ್ಲ್ಯೂ, ಅಂದ್ರೆ ಗಾಡಿ, ಮಾಲು, ಜನ ಎಲ್ಲಾ ಸೇರಿ ಗರಿಷ್ಠ ಎಷ್ಟು ತೂಗಬಹುದು ಅನ್ನೋದು. ಇನ್ನೊಂದು ಅನ್‌ಲೇಡನ್ ವೇಟ್, ಖಾಲಿ ಗಾಡಿ ತೂಕ. ಮೊದಲನೇದರಲ್ಲಿ ಎರಡನೇದು ಕಳೀರಿ. ಉದಾಹರಣೆಗೆ 2,900 ಕೆ.ಜಿ.ಯಲ್ಲಿ 1,650 ಹೋದ್ರೆ 1,250 ಉಳೀತು. ಇದು ಮಾಲಿನ ತೂಕನಾ? ಅಲ್ಲ. ಕಾಯ್ದೆ ಪ್ರಕಾರ ಖಾಲಿ ಗಾಡಿ ತೂಕದಲ್ಲಿ ಡ್ರೈವರ್, ಅಟೆಂಡೆಂಟ್ ಸೇರಲ್ಲ. ಇಬ್ಬರಿಗೆ 140 ತೆಗೀರಿ, 1,110. ಆಮೇಲೆ ನಾವು ಕಟ್ಟಿಸಿದ ಕಬ್ಬಿಣದ ಗ್ರಿಲ್, ಟಾರ್ಪಾಲಿನ್, ಹಗ್ಗ ಎಲ್ಲಾ ಸೇರಿ ನೂರು ಕೆ.ಜಿ. ಅಂತಿಟ್ಕೊಳ್ಳಿ. ಉಳಿದದ್ದು 1,010.

ಒಂದು ಬಾಕ್ಸಲ್ಲಿ ಹದಿನೈದು ಕೆ.ಜಿ. ಟೊಮೆಟೊ, ಪ್ಲಾಸ್ಟಿಕ್ ಬಾಕ್ಸ್‌ದೇ ಒಂದೂವರೆ ಕೆ.ಜಿ. ಅಂದ್ರೂ ಹದಿನಾರೂವರೆ ಆಯ್ತು. 1,010ಕ್ಕೆ ಬರೋದು 61 ಬಾಕ್ಸ್. ನಾನು ಹೇಳಿದ್ದು ಎಂಬತ್ತು. ದಿನಾ ಮುನ್ನೂರು ಕೆ.ಜಿ. ಹೆಚ್ಚು ಹೊರಿಸೋ ಲೆಕ್ಕ ಬಿ.ಕಾಂ ಓದಿದ ನಾನೇ ಮಾಡಿಕೊಟ್ಟಿದ್ದೆ!

ರೇಟ್ ಚೆನ್ನಾಗಿದ್ದಾಗ ಎಂಬತ್ತು ನೂರಾಯ್ತು. ಹಿಂದಿನ ಟೈರ್ ಬೇಗ ಸವೀತು. ಯಾರೋ ಹೇಳಿದ್ರು ಅಂತ ಹಿಂದೆ ಎರಡು ಪ್ಲೇಟ್ ಜಾಸ್ತಿ ಹಾಕಿಸಿದ. ಇದನ್ನ ಗಮನ ಇಟ್ಟು ಕೇಳಿ. ಪ್ಲೇಟ್ ಹಾಕಿಸಿದ್ರೆ ಗಾಡಿ ಕುಗ್ಗೋದು ಕಾಣಲ್ಲ ಅಷ್ಟೆ. ಆಕ್ಸಲ್ ಅದೇ, ಬ್ರೇಕ್ ಅದೇ, ಟೈರ್ ಅದೇ, ಜಿವಿಡಬ್ಲ್ಯೂನೂ ಅದೇ. ಓವರ್‌ಲೋಡ್ ಹೋಗಿಲ್ಲ, ಕಣ್ಣಿಗೆ ಮರೆಯಾಯ್ತು.

ಒಂದು ರಾತ್ರಿ ಚೆನ್ನೈಗೆ ಹೊರಟಿದ್ದ. ಪಲಮನೇರು ದಾಟಿ ಮೊಗಿಲಿ ಘಾಟ್ ಇಳೀವಾಗ ಬ್ರೇಕ್ ಪೆಡಲ್ ಮೆತ್ತಗಾಯ್ತು, ಸುಟ್ಟ ವಾಸನೆ ಬಂತು. ಹಿಂದೆ ಭಾರ ಜಾಸ್ತಿ ಆಗಿ ಮುಂದಿನ ಚಕ್ರ ಹಗುರ ಆಗಿತ್ತು, ಸ್ಟೀರಿಂಗ್ ತಿರುಗಿಸಿದಷ್ಟು ಗಾಡಿ ತಿರುಗ್ತಿರ್ಲಿಲ್ಲ. ಸೆಕೆಂಡ್ ಗೇರ್‌ಗೆ ಇಳಿಸಿ, ರಸ್ತೆ ಬದಿ ಮಣ್ಣಿಗೆ ಹತ್ತಿಸಿ ಹೇಗೋ ನಿಲ್ಲಿಸಿದ. ಬೆಳಗಿನ ಜಾವ ಫೋನ್ ಮಾಡಿ ಬೈಲಿಲ್ಲ, "ಅಣ್ಣ, ಪಕ್ಕದಲ್ಲಿ ಅಪ್ಪ ಇದ್ರು" ಅಂದ ಅಷ್ಟೆ. ಅವತ್ತಿಂದ ಯಾರು ಕೇಳಿದ್ರೂ ನಾನು ಇಎಂಐಯಿಂದ ಶುರು ಮಾಡಲ್ಲ.

ಹಾಗಾದ್ರೆ ಎಲ್ಲರೂ ದೊಡ್ಡದೇ ತಗೋಬೇಕಾ? ಇಲ್ಲ. ದೊಡ್ಡ ಗಾಡಿ ಅರ್ಧ ಖಾಲಿ ಓಡಿದ್ರೆ ಅದೂ ನಷ್ಟ. ಇಎಂಐ, ಇನ್ಶೂರೆನ್ಸ್ ಗಾಡಿ ನಿಂತಿದ್ರೂ ಕಟ್ಟಬೇಕು. ನಾನು ಹೇಳೋದು ಇಷ್ಟು: ಮೂವತ್ತು ದಿನ ಒಂದು ನೋಟ್‌ಬುಕ್ಕಲ್ಲಿ ನಿಮ್ಮ ಲೋಡ್ ತೂಕ ಬರೀರಿ. ಸ್ವಂತ ಗಾಡಿ ಇಲ್ದಿದ್ರೆ ಬಾಡಿಗೆ ಗಾಡಿಯದ್ದೇ ಬರೀರಿ. ಹತ್ತು ಟ್ರಿಪ್‌ಗಳಲ್ಲಿ ಎಂಟು ಯಾವ ಸೈಜಲ್ಲಿ ಕಾನೂನು ಪ್ರಕಾರ ಕೂರುತ್ತೋ ಅದು ನಿಮ್ಮ ಗಾಡಿ. ಉಳಿದ ಎರಡಕ್ಕೆ ಇನ್ನೊಂದು ಟ್ರಿಪ್ ಹೊಡೀರಿ, ಇಲ್ಲಾ ಬಾಡಿಗೆಗೆ ತಗೊಳ್ಳಿ. ಸೀಸನ್ನಿನ ಹದಿನೈದು ದಿನಕ್ಕೋಸ್ಕರ ಐದು ವರ್ಷ ಸಾಲ ಕಟ್ಟಬೇಡಿ.

ಕಾನೂನಿನ ಮೂರು ಗೆರೆ ನೆನಪಿಟ್ಕೊಳ್ಳಿ. ಒಂದು, 3,000 ಕೆ.ಜಿ. ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಜಿವಿಡಬ್ಲ್ಯೂ ಇದನ್ನ ಮೀರದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಡ. ಟ್ಯಾಕ್ಸ್, ಇನ್ಶೂರೆನ್ಸ್, ಎಫ್‌ಸಿ ಮಾತ್ರ ಬೇಕೇ ಬೇಕು. ಅದಕ್ಕಿಂತ ಮೇಲಿನ ಸೈಜ್‌ಗೆ ಹೋದ್ರೆ ಪರ್ಮಿಟ್ ಖರ್ಚೂ ಲೆಕ್ಕಕ್ಕೆ ಸೇರಿಸಿ. ಎರಡು, 7,500 ಕೆ.ಜಿ. ಅಲ್ಲಿವರೆಗಿನ ಗೂಡ್ಸ್ ಗಾಡಿನ ಎಲ್‌ಎಂವಿ ಲೈಸೆನ್ಸಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ಕ್ಕೆ ಹೇಳಿದೆ. ಹಾಗಾಗಿ ಲೈಸೆನ್ಸ್ ಭಯಕ್ಕೆ ಚಿಕ್ಕದು ತಗೋಬೇಕಿಲ್ಲ. ಮೂರು, 194ನೇ ಸೆಕ್ಷನ್. 2019ರ ತಿದ್ದುಪಡಿ ಆದ್ಮೇಲೆ ಓವರ್‌ಲೋಡ್‌ಗೆ ಕಾಯ್ದೆಯಲ್ಲಿರೋ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್‌ಗೆ 2,000. ಹೆಚ್ಚಿನ ಮಾಲು ಇಳಿಸೋವರೆಗೂ ಗಾಡಿ ಬಿಡಲ್ಲ, ಇಳಿಸೋ ಖರ್ಚೂ ನಿಮ್ಮದೇ. ಟೊಮೆಟೊ ಬಿಸಿಲಲ್ಲಿ ಕೂತಿರುತ್ತೆ, ಮಾರ್ಕೆಟ್ ನಿಮಗೋಸ್ಕರ ಕಾಯಲ್ಲ.

ಹೊಸ ಗಾಡಿ ಆದ್ರೆ ಶೋರೂಮಲ್ಲಿ "ಎಷ್ಟು ಟನ್ ಎಳೆಯುತ್ತೆ" ಅಂತ ಕೇಳಬೇಡಿ. ನೀವು ತಗೊಳ್ಳೋ ಮಾಡೆಲ್‌ದೇ ಜಿವಿಡಬ್ಲ್ಯೂ ಮತ್ತು ಅನ್‌ಲೇಡನ್ ವೇಟ್ ಬರೆಸಿಕೊಳ್ಳಿ. ಹಳೇದಾದ್ರೆ ಖಾಲಿ ಗಾಡಿನ ವೇ ಬ್ರಿಡ್ಜ್‌ಗೆ ಹತ್ತಿಸಿ. ಆರ್‌ಸಿಗಿಂತ ತೂಕ ಜಾಸ್ತಿ ಬಂದ್ರೆ ಆ ವ್ಯತ್ಯಾಸ ನಿಮ್ಮ ಮಾಲಿನಿಂದಲೇ ಹೋಗುತ್ತೆ. ಹಿಂದೆ ಪ್ಲೇಟ್ ಎಣಿಸಿ, ಜಾಸ್ತಿ ಹಾಕಿಸಿದ್ರೆ ಆ ಗಾಡಿ ಎಂಥಾ ಲೋಡ್ ಹೊಡೆದಿದೆ ಅಂತ ಗೊತ್ತಾಗುತ್ತೆ.

ತಮ್ಮ ಈಗ ಆ ಚಿಕ್ಕ ಗಾಡಿ ಮಾರಿ ಒಂದು ಸೈಜ್ ಮೇಲಿನದು ತಗೊಂಡಿದ್ದಾನೆ. ಇಎಂಐ ಜಾಸ್ತಿ, ಪರ್ಮಿಟ್ ಖರ್ಚು ಬೇರೆ. ಆದ್ರೆ ಎಂಬತ್ತು ಬಾಕ್ಸ್ ಕಾನೂನು ಪ್ರಕಾರ ಹೋಗುತ್ತೆ, ಘಾಟ್ ಇಳೀವಾಗ ಚಿಕ್ಕಪ್ಪ ಪಕ್ಕದಲ್ಲಿ ನಿದ್ದೆ ಮಾಡ್ತಾರಂತೆ.

ಗಾಡಿ ತಗೊಳ್ಳೋ ಪ್ಲಾನಲ್ಲಿರೋ ಫ್ರೆಂಡ್‌ಗೆ ಈ ಎಪಿಸೋಡ್ ಕಳಿಸಿ, ಅಡ್ವಾನ್ಸ್ ಕೊಡೋಕೆ ಮುಂಚೆನೇ ಕಳಿಸಿ. ನಿಮ್ಮ ಲೋಡ್ ಲೆಕ್ಕ ವಾಯ್ಸ್ ನೋಟ್ ಮಾಡಿ, ಮುಂದಿನ ವಾರ ಕೂತು ಕಳೆಯೋಣ. ಹುಷಾರಾಗಿ ಓಡಿಸಿ, ಸಿಗೋಣ.