ಒರತೆಯ ಬಾಯಿಗೆ ಬೇಲಿ ಸಾಲದು



ಅಮೆರಿಕದ ಫ್ಲೋರಿಡಾ ರಾಜ್ಯದ ನದಿ, ಹಿನ್ನೀರುಗಳಲ್ಲಿ ಮ್ಯಾನಟೀ ಎಂಬ ಕಡಲಹಸು ವಾಸಿಸುತ್ತದೆ. ಅರ್ಧ ಟನ್ನಿನಷ್ಟು ತೂಗುವ ಈ ಸಾಧು ಪ್ರಾಣಿ ಜಲಸಸ್ಯಗಳನ್ನು ಮೇಯ್ದು ಬದುಕುತ್ತದೆ. ದೇಹ ದೊಡ್ಡದಾದರೂ ಅದಕ್ಕೆ ಚಳಿ ತಡೆಯುವ ಶಕ್ತಿಯಿಲ್ಲ. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದು ಬಹುಕಾಲ ಹಾಗೆಯೇ ಉಳಿದರೆ ಅದು ಕಾಯಿಲೆಬಿದ್ದು ಸಾಯುತ್ತದೆ. ಆದುದರಿಂದ ಚಳಿಗಾಲ ಬಂದೊಡನೆ ಅದು ಒರತೆಗಳನ್ನು ಅರಸಿ ಹೊರಡುತ್ತದೆ. ಸುಣ್ಣಕಲ್ಲಿನ ಒಡಲಿನಿಂದ ಉಕ್ಕುವ ಆ ನೀರು ವರ್ಷವಿಡೀ ಸುಮಾರು 22 ಡಿಗ್ರಿಯಷ್ಟು ಬೆಚ್ಚಗಿರುತ್ತದೆ.

ಇಂಥ ಒರತೆಗಳ ದಡವೆಂದರೆ ಬಡಾವಣೆ ಕಟ್ಟುವವರಿಗೂ ಬಲು ಪ್ರೀತಿ. ಕ್ರಿಸ್ಟಲ್ ರಿವರ್ ಪಟ್ಟಣದ ‘ತ್ರೀ ಸಿಸ್ಟರ್ಸ್’ ಒರತೆಗಳ ಸುತ್ತ ಮನೆಗಳ ಬಡಾವಣೆ ಏಳುವುದರಲ್ಲಿತ್ತು. ಜನರ ದೇಣಿಗೆ ಹಾಗೂ ಸಾರ್ವಜನಿಕ ಹಣ ಒಟ್ಟುಗೂಡಿ, 2010ರಲ್ಲಿ ಆ 57 ಎಕರೆ ಭೂಮಿಯನ್ನು ಕೊಳ್ಳಲಾಯಿತು. 1972ರಲ್ಲಿ ಅಲ್ಲಿನ ರಾಜ್ಯ ಸರ್ಕಾರ ಬ್ಲೂ ಸ್ಪ್ರಿಂಗ್ ಒರತೆಯನ್ನೂ ಹೀಗೆಯೇ ಕೊಂಡು ಉದ್ಯಾನವಾಗಿಸಿತ್ತು. ಆಗ ಅಲ್ಲಿಗೆ ಬರುತ್ತಿದ್ದ ಮ್ಯಾನಟೀಗಳು ಕೆಲವೇ ಡಜನ್. ಈಚಿನ ಚಳಿಗಾಲಗಳಲ್ಲಿ ನೂರಾರು.

ಆದರೆ ದಡ ಉಳಿದರೆ ಒರತೆ ಉಳಿದಂತಾಯಿತೇ? ಒರತೆಯ ನೀರು ದೂರದೂರದ ನೆಲದಲ್ಲಿ ಇಂಗಿದ ಮಳೆ. ಅಲ್ಲಿನ ಹೊಲಕ್ಕೆ, ಹುಲ್ಲುಹಾಸಿಗೆ ಸುರಿದ ಗೊಬ್ಬರದ ಸಾರಜನಕವೂ ಶೌಚಗುಂಡಿಗಳ ಬಸಿಯೂ ಮರಳುಮಣ್ಣಿನ ಮೂಲಕ ಇಳಿದು, ನೈಟ್ರೇಟ್ ರೂಪದಲ್ಲಿ ಒರತೆಯಲ್ಲಿ ಹೊರಬೀಳುತ್ತವೆ. ಪಾಚಿ ಹಬ್ಬುತ್ತದೆ, ಮೇವಿನ ಸಸ್ಯ ಉಸಿರುಗಟ್ಟುತ್ತದೆ. ಕೊಳವೆಬಾವಿಗಳು ಅಂತರ್ಜಲವನ್ನು ಎತ್ತಿದಷ್ಟೂ ಒರತೆಯ ಹರಿವು ಸೊರಗುತ್ತದೆ.

ಮೇವು ನಾಶವಾದರೆ ಏನಾಗುತ್ತದೆಂಬುದನ್ನು 2021 ತೋರಿಸಿಕೊಟ್ಟಿತು. ಆ ಒಂದೇ ವರ್ಷ ಫ್ಲೋರಿಡಾದಲ್ಲಿ 1,100ಕ್ಕೂ ಹೆಚ್ಚು ಮ್ಯಾನಟೀಗಳು ಸತ್ತವು. ಪೂರ್ವ ಕರಾವಳಿಯ ಇಂಡಿಯನ್ ರಿವರ್ ಹಿನ್ನೀರಿನಲ್ಲಿ ಮಾಲಿನ್ಯದಿಂದ ಕಡಲಹುಲ್ಲು ನಾಶವಾಗಿ, ಅನೇಕವು ಹಸಿವಿನಿಂದಲೇ ಅಸುನೀಗಿದವು. ವಿದ್ಯುತ್ ಸ್ಥಾವರದ ಬಿಸಿನೀರು ಅವುಗಳ ಚಳಿಯನ್ನು ನೀಗಿತು, ಹೊಟ್ಟೆ ತುಂಬಿಸಲಿಲ್ಲ. ಹಳೆಯ ಸ್ಥಾವರಗಳು ಮುಚ್ಚಿದಂತೆ ಆ ಬಿಸಿನೀರೂ ನಿಲ್ಲುತ್ತದೆ. ಆಗ ಒರತೆಗಳೇ ಗತಿ.

ಭರವಸೆಯೂ ಇಲ್ಲದಿಲ್ಲ. ಕ್ರಿಸ್ಟಲ್ ರಿವರ್‌ನಲ್ಲಿ ಪಾಚಿಯ ರಾಡಿಯನ್ನು ಹೀರಿ ತೆಗೆದು, ಜಲಸಸ್ಯಗಳನ್ನು ಮರಳಿ ನೆಡಲಾಗಿದೆ. ಆದರೂ ನೀರು ಇಂಗುವ ನೆಲ ಶುದ್ಧವಾಗದ ಹೊರತು ಆ ಶ್ರಮ ಪೂರ್ಣವಾಗದು.

ಗುಡ್ಡದ ಒರತೆ ಬತ್ತುವುದನ್ನು ಕಂಡವರಿಗೆ ಇದು ಹೊಸ ಪಾಠವಲ್ಲ. ಒರತೆಯ ಬಾಯಿಗೆ ಬೇಲಿ ಹಾಕುವುದು ಮೊದಲ ಹೆಜ್ಜೆ; ಅದರ ಬೇರಿರುವ ನೆಲವನ್ನು ಕಾಯುವುದೇ ನಿಜವಾದ ಕೆಲಸ.