ಬಂದರಿನಲ್ಲಿ ಸಮಾಜಶಾಸ್ತ್ರಜ್ಞರಿಗೇನು ಕೆಲಸ?



ದೋಹಾದ ದಕ್ಷಿಣಕ್ಕಿರುವ ಹಮದ್ ಬಂದರು 2016ರ ಡಿಸೆಂಬರಿನಲ್ಲಿ ಕಾರ್ಯಾರಂಭ ಮಾಡಿತು. ಮರುವರ್ಷದ ಜೂನ್‌ನಲ್ಲಿ ನೆರೆಯ ರಾಷ್ಟ್ರಗಳು ಕತಾರಿನ ಮೇಲೆ ದಿಗ್ಬಂಧನ ಹೇರಿದಾಗ ಆಹಾರ ಸಾಮಗ್ರಿಗಳ ಪೂರೈಕೆಗೆ ಈ ಬಂದರೇ ದೊಡ್ಡ ಆಸರೆಯಾಯಿತು. ಇಲ್ಲಿ ಇಳಿಯುವ ಪ್ರತಿ ಕಂಟೇನರಿಗೂ 4 ಅಕ್ಷರ, 7 ಅಂಕಿಗಳ ಗುರುತುಂಟು. ಅದು ಎಲ್ಲಿಂದ ಹೊರಟು ಎಲ್ಲಿ ತಂಗಿತೆಂಬುದು ದಾಖಲೆಯಲ್ಲಿರುತ್ತದೆ. ಅದನ್ನು ಇಳಿಸಿ ಸಾಗಿಸುವ ಕಾರ್ಮಿಕ ಏಜೆಂಟನಿಗೆ ಕೊಡಲು ಊರಿನಲ್ಲಿ ಎಷ್ಟು ಸಾಲ ಮಾಡಿದ, ಬಡ್ಡಿಯನ್ನು ಯಾರು ಕಟ್ಟುತ್ತಿದ್ದಾರೆ ಎಂಬುದು ಯಾವ ಪರದೆಯ ಮೇಲೂ ಕಾಣದು.

‘ಸಮಾಜಶಾಸ್ತ್ರ ಓದಿದರೆ ಏನು ಕೆಲಸ ಸಿಕ್ಕೀತು?’ ಎಂದು ಕೊಲ್ಲಿಯ ಕನ್ನಡ ಮನೆಗಳಲ್ಲಿ ಕೇಳಿಬರುವ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಕಾಣದಿರುವುದನ್ನು ಕಾಣಿಸುವುದೇ ಆ ಕೆಲಸ.

ಕತಾರ್ 2021ರ ಮಾರ್ಚ್‌ನಲ್ಲಿ ಎಲ್ಲ ಕಾರ್ಮಿಕರಿಗೂ ತಿಂಗಳಿಗೆ 1,000 ರಿಯಾಲ್ ಕನಿಷ್ಠ ವೇತನವನ್ನು ಜಾರಿಗೆ ತಂದಿತು. ಮಾಲೀಕರು ವಸತಿ, ಊಟ ಕೊಡದಿದ್ದರೆ ಇನ್ನೂ 500 ಮತ್ತು 300 ರಿಯಾಲ್ ಸೇರಬೇಕು. ಕಾನೂನು ಕೈಗೆ ತಲುಪಿತೇ ಎಂದು ತಿಳಿಯಲು ಲೇಬರ್ ಕ್ಯಾಂಪಿನಲ್ಲಿ ಕುಳಿತು, ಕಾರ್ಮಿಕರ ಭಾಷೆಯಲ್ಲೇ ಕೇಳಬೇಕು. 2018ರಲ್ಲಿ ದೋಹಾದಲ್ಲಿ ಕಚೇರಿ ತೆರೆದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ಕತಾರ್ ವಿಶ್ವವಿದ್ಯಾಲಯದ ಸಮೀಕ್ಷಾ ಸಂಸ್ಥೆ, ಗುತ್ತಿಗೆ ಕಂಪನಿಗಳ ಕಾರ್ಮಿಕ ಕಲ್ಯಾಣ ವಿಭಾಗ, ಇವೆಲ್ಲ ಇಂತಹ ಕೌಶಲವನ್ನು ಬೇಡುವ ಸ್ಥಳಗಳು. ಭಾರತದಲ್ಲಿಯೂ 2013ರ ಭೂಸ್ವಾಧೀನ ಕಾಯ್ದೆ ಸಾಮಾಜಿಕ ಪರಿಣಾಮದ ಅಧ್ಯಯನವನ್ನು ವಿಧಿಸಿದೆ.

ಆದರೆ ಸಂಬಳ ಕೊಡುವವರು ಯಾರೆಂಬ ಪ್ರಶ್ನೆಯನ್ನು ಬಿಟ್ಟು ಈ ಪಟ್ಟಿ ಪೂರ್ಣವಾಗದು. ತಪಾಸಣೆಗೆ ಒಳಪಡುವ ಕಂಪನಿಯೇ ತಪಾಸಕರಿಗೆ ಹಣ ಕೊಟ್ಟು, ಸೂಪರ್‌ವೈಸರ್ ಪಕ್ಕದಲ್ಲೇ ನಿಂತಿದ್ದರೆ ಕಾರ್ಮಿಕ ‘ಎಲ್ಲ ಚೆನ್ನಾಗಿದೆ’ ಎನ್ನುತ್ತಾನೆ. ವಲಸಿಗರಿಗೆ ಕಾರ್ಮಿಕ ಸಂಘ ಕಟ್ಟುವ ಹಕ್ಕಿಲ್ಲದ ನೆಲದಲ್ಲಿ ಆ ಒಂದು ವಾಕ್ಯವೇ ವರದಿಯಾಗಿಬಿಡುತ್ತದೆ. ಹಾಗೆಂದು ಸಾಲ ಮಾಡಿ ಓದಿದ ಪದವೀಧರರು ಅಂತಹ ಹುದ್ದೆ ಹಿಡಿದರೆ ಹೀಗಳೆಯುವುದೂ ಸಲ್ಲದು. ಅವರಿಗೆ ಬೇರೆ ಆಯ್ಕೆ ಇರಬೇಕು.

ಆ ಆಯ್ಕೆ ಹೇಗಿರಬಹುದೆಂಬುದನ್ನು ಕೇರಳ ತೋರಿಸಿದೆ. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರದ ಸಂಶೋಧಕರು 1998ರಲ್ಲಿ ಆರಂಭಿಸಿದ ವಲಸೆ ಸಮೀಕ್ಷೆ ಮತ್ತೆಮತ್ತೆ ನಡೆದು, ಯಾರು ಹೋದರು, ಯಾರು ಮರಳಿದರು, ಎಷ್ಟು ಹಣ ಬಂತೆಂಬ ಲೆಕ್ಕವನ್ನು ಸಾರ್ವಜನಿಕ ಚರ್ಚೆಗೆ ತಂದಿತು. ಭಟ್ಕಳ, ಉಡುಪಿ, ಮಂಗಳೂರುಗಳ ಸಾವಿರಾರು ಮನೆಗಳ ಬದುಕು ಕೊಲ್ಲಿಗೆ ಹೆಣೆದುಕೊಂಡಿರುವ ಕರ್ನಾಟಕಕ್ಕೂ ಅಂತಹ ನಿರಂತರ ಲೆಕ್ಕ ಬೇಕು. ಕನ್ನಡ, ತುಳು, ಬ್ಯಾರಿ, ಕೊಂಕಣಿ ಬಲ್ಲ ಸಮಾಜಶಾಸ್ತ್ರ ಪದವೀಧರರು ಸಂಖ್ಯಾಶಾಸ್ತ್ರವನ್ನೂ ಕಾರ್ಮಿಕ ಕಾನೂನನ್ನೂ ಕಲಿತರೆ ಅದಕ್ಕೆ ಅವರಿಗಿಂತ ತಕ್ಕವರಿಲ್ಲ.

ಕೊಲ್ಲಿಯ ಕನ್ನಡ ಸಂಘಗಳು ಒಟ್ಟಾಗಿ, ವರ್ಷಕ್ಕೆ ಒಬ್ಬ ಪದವೀಧರರಿಗಾದರೂ ಯಾವ ಕಂಪನಿಯ ಹಂಗೂ ಇಲ್ಲದ ಸಂಶೋಧನಾ ವೇತನ ಕೊಡಲಿ. ಮಕ್ಕಳು ಸಮಾಜಶಾಸ್ತ್ರ ಓದುತ್ತೇವೆಂದಾಗ ಕೇಳುವ ‘ಏನು ಕೆಲಸ?’ ಎಂಬ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ಕೇಳಿದವರದೂ ಹೌದು.