ಓಲೆ

ಉಡುಪಿಯ ಚಿನ್ನದಂಗಡಿಯೊಂದರಲ್ಲಿ ‘ಓಲೆಯನ್ನು ತೋರಿಸಿ’ ಎಂದರೆ ಅಂಗಡಿಯವರು ಕಿವಿಯ ಒಡವೆಯನ್ನು ಮುಂದಿಡುವರು. ಅದೇ ಊರಿನ ಮಠದ ಪುಸ್ತಕಭಂಡಾರದಲ್ಲಿ ಅದೇ ಮಾತನ್ನು ಆಡಿದರೆ ಹೊರಗೆ ಬರುವುದು ತಾಳೆಯ ಗರಿಯ ಕಟ್ಟು. ಶಬ್ದವೊಂದು, ವಸ್ತುವೆರಡು.

ಇವುಗಳಲ್ಲಿ ಗರಿಯೇ ಹಿರಿದು. ಚುಚ್ಚಿದ ಕಿವಿಯಲ್ಲಿ ಹಿಂದೆ ತಾಳೆಯ ಎಳೆಗರಿಯನ್ನು ಸುರುಳಿ ಸುತ್ತಿ ಇಡುತ್ತಿದ್ದರು. ಸುರುಳಿಯು ಬಿಚ್ಚಿಕೊಳ್ಳಲು ಹವಣಿಸಿ ತೂತನ್ನು ಮೆಲ್ಲಮೆಲ್ಲನೆ ಹಿಗ್ಗಿಸುವುದು. ಅದಕ್ಕೆ ತಿರುಪೂ ಬೇಡ, ಕೊಂಡಿಯೂ ಬೇಡ. ಅಮರಕೋಶವು ಕರ್ಣಾಭರಣಗಳ ನಡುವೆ ‘ತಾಲಪತ್ರ’ವನ್ನು ಹೇಳುವುದೂ ಇದರಿಂದಲೇ. ಗರಿಯ ಎಡೆಗೆ ಚಿನ್ನವು ಬಂದಿತು, ಹೆಸರು ಕದಲಲಿಲ್ಲ. ‘ಬೆಂಡೋಲೆ’ಯಲ್ಲಿ ಇರುವುದು ಬೆಂಡು ಮತ್ತು ಓಲೆ, ಕಾಸು ಬಾಳದ ಎರಡು ಪದಾರ್ಥಗಳು. ಮಗಳ ಮದುವೆಗೆ ಅದನ್ನು ಕೊಳ್ಳಹೊರಟ ತಂದೆಗೆ ಇದನ್ನು ಹೇಳಿ ಪ್ರಯೋಜನವಿಲ್ಲ!

ಬರೆಹದ ಓಲೆಯ ಕಥೆಯೂ ಹೀಗೆಯೇ. ಕಾಪು ತಾಲ್ಲೂಕಿನ ಪಲಿಮಾರಿನ ಹೆಸರನ್ನು ಹೊತ್ತ ಮಠದಲ್ಲಿ, ಮಧ್ವಾಚಾರ್ಯರ ಶಿಷ್ಯರಾದ ಹೃಷೀಕೇಶತೀರ್ಥರ ಕೈಬರಹವೆಂದು ಪೂಜ್ಯವಾದ ಸರ್ವಮೂಲದ ಓಲೆಗಳುಂಟು; ಲಿಪಿ ತುಳು. ಅಚ್ಚಿನ ಕೆಲಸಕ್ಕೆ ಹೆಸರಾದ ಮಣಿಪಾಲದಲ್ಲಿಯೂ ಕಾಗದದ ಮೇಲಿನ ಮದುವೆಯ ಕರೆ ‘ಕರೆಯೋಲೆ’ಯೇ.

ಆದರೆ ಈ ಶಬ್ದಕ್ಕೆ ಅಂಟಿಕೊಂಡ ಇನ್ನೊಂದು ಅರ್ಥವನ್ನು ನಾನು ಅಷ್ಟು ಹಗುರಾಗಿ ಹೇಳಲಾರೆ. ‘ಓಲೆಭಾಗ್ಯ’ವೆಂದರೆ ಮುತ್ತೈದೆತನ. ‘ನಿನ್ನ ಓಲೆಭಾಗ್ಯ ಸ್ಥಿರವಾಗಲಿ’ ಎಂದು ಹರಸುವ ಹಿರಿಯರ ಮನಸ್ಸಿನಲ್ಲಿ ಕೇಡಿಲ್ಲ, ನಿಜ. ಆದರೆ ಆ ಹರಕೆಯ ಹಿಂಬದಿಯನ್ನು ನೋಡಿರಿ: ಗಂಡನು ತೀರಿಕೊಂಡ ದಿನ ಅನೇಕ ಮನೆಗಳಲ್ಲಿ ಹೆಂಡತಿಯ ಕಿವಿಯಿಂದ ಓಲೆಯನ್ನು ಕಳೆಯಿಸಿದರು. ಕಾರ್ಕಳದ ಗೊಮ್ಮಟನ ನೀಳವಾದ ಕಿವಿಗಳಲ್ಲಿಯೂ ಓಲೆಯಿಲ್ಲ. 1432ರಿಂದ ಅವನು ಹಾಗೆಯೇ ನಿಂತಿರುವನು. ಆದರೆ ಅವನು ರಾಜ್ಯವನ್ನೂ ಆಭರಣವನ್ನೂ ತಾನಾಗಿ ಬಿಟ್ಟವನು. ಈ ಹೆಂಗಸನ್ನು ಬಿಡುವೆಯಾ ಎಂದು ಕೇಳಿದವರು ಯಾರು?

1956ರ ಹಿಂದೂ ಉತ್ತರಾಧಿಕಾರದ ಕಾಯಿದೆಯು ಸ್ತ್ರೀಧನಕ್ಕೆ ಹೆಂಗಸೇ ಪೂರ್ಣ ಒಡತಿಯೆಂದು ಹೇಳಿತು. ಪೆಟ್ಟಿಗೆಯಲ್ಲಿದ್ದ ಓಲೆಯು ಅವಳದೇ. ಅದನ್ನು ಕಿವಿಯಲ್ಲಿ ಇಟ್ಟುಕೊಳ್ಳುವ ಮಾತು ಮಾತ್ರ ನೆರೆಹೊರೆಯವರ ನಾಲಿಗೆಯಲ್ಲಿ ಉಳಿಯಿತು. ಕರಿಮಣಿಯನ್ನು ಕಟ್ಟಿದವನು ಗಂಡನೆನ್ನಬಹುದು. ಓಲೆಯ ಸಂಗತಿ ಹಾಗಲ್ಲ. ಎಳೆಯ ಕೂಸಾಗಿದ್ದಾಗಲೇ ಅವಳ ಕಿವಿಯನ್ನು ಚುಚ್ಚಿಸಿ ಅದನ್ನು ಇಟ್ಟವರು ತವರಿನವರು. ಆಗ ಈ ಗಂಡನು ಯಾವ ಊರಿನಲ್ಲಿದ್ದನೆಂಬುದು ಆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.